ಎಲ್ಕ್ ಬೇಟೆಗೆ ಹಗುರ ಚಾಕು: ಮೊದಲ ತೊಡೆಗಲ್ಲ, ಕೊನೆ ತೊಡೆಗೆ ಅಂತ ನೋಡಿ ತಗೊಳ್ಳಿ

ಇಲ್ಲಿ ಅಮೆರಿಕದ ಕೊಲೊರಾಡೋದಲ್ಲಿ ಆಗಸ್ಟ್ ಮುಗೀತಾ ಬಂತು ಅಂದ್ರೆ ನಮ್ಮ ಕನ್ನಡ ವಾಟ್ಸಾಪ್ ಗ್ರೂಪಲ್ಲಿ ಗಣೇಶನ ಹಬ್ಬದ ಕಲೆಕ್ಷನ್ ಮೆಸೇಜ್‌ಗಳ ಮಧ್ಯೆ ಯಾರಾದ್ರೂ ಒಬ್ರು ನಂಗೆ ಪರ್ಸನಲ್ ಆಗಿ ಮೆಸೇಜ್ ಹಾಕೇ ಹಾಕ್ತಾರೆ, "ಗುರು, ಈ ಸಲ ಎಲ್ಕ್ ಟ್ಯಾಗ್ ತಗೊಂಡಿದೀನಿ, ಚಾಕು ಯಾವ್ದು ತಗೊಳ್ಲಿ, ಹಗುರ ಇರ್ಬೇಕು" ಅಂತ. ಪ್ರತಿಸಲ ಒಬ್ಬೊಬ್ರಿಗೆ ವಾಯ್ಸ್ ನೋಟ್ ಕಳ್ಸಿ ಕಳ್ಸಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ. ಎಲ್ಕ್ ಅಂದ್ರೆ ನಮ್ಮ ಕಡವೆ ಥರದ ದೊಡ್ಡ ಜಿಂಕೆ, ಟ್ಯಾಗ್ ಅಂದ್ರೆ ಅದನ್ನ ಹೊಡೆಯೋಕೆ ಕೊಡೋ ಪರ್ಮಿಟ್ಟು, ಚಾಕು ಬೇಕಾಗೋದು ಹೊಡೆದ ಮೇಲೆ ಅಲ್ಲೇ ಮಾಂಸ ಬಿಡಿಸೋಕೆ.

ಊರಲ್ಲಿ ಕೂತು ಓದ್ತಿರೋರಿಗೆ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ್ಮೇಲೆ ನಮ್ಮಲ್ಲಿ ಕಾಡುಪ್ರಾಣಿ ಹೊಡೆದ್ರೆ ಸೀದಾ ಕೇಸು, ಆ ವಿಷ್ಯ ಇಲ್ಲಿ ಇಲ್ವೇ ಇಲ್ಲ. ಇದು ಅಮೆರಿಕದಲ್ಲಿ ಲೈಸೆನ್ಸ್ ತಗೊಂಡು, ಸೀಸನ್ ಪ್ರಕಾರ ಬೆಟ್ಟ ಹತ್ತಿ ಬೇಟೆ ಆಡೋರ ಕಥೆ. ಕೊಲೊರಾಡೋದಲ್ಲಿ 1949ರ ಜನವರಿ 1ಕ್ಕೆ ಅಥ್ವಾ ಆಮೇಲೆ ಹುಟ್ಟಿದೋರೆಲ್ಲ ಹಂಟರ್ ಎಜುಕೇಶನ್ ಕೋರ್ಸ್ ಮಾಡಿರ್ಲೇಬೇಕು, ಅದಿಲ್ದೆ ಸಾಮಾನ್ಯವಾಗಿ ಲೈಸೆನ್ಸ್ ಕೊಡಲ್ಲ. ವೀಸಾದಲ್ಲಿ ಇರೋರು ಇನ್ನೊಂದು ನೋಡ್ಕೊಳ್ಳಿ, ನಾನ್-ಇಮಿಗ್ರೆಂಟ್ ವೀಸಾದೋರು ಬಂದೂಕು ಇಟ್ಕೊಳ್ಳೋಕೆ ಫೆಡರಲ್ ಕಾನೂನು ಬಿಡಲ್ಲ, ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯಿತಿ ಇದೆ, ಆದ್ರೂ ನಿಮ್ಮ ಲಾಯರ್ ಹತ್ರ ಒಂದ್ಮಾತು ಕೇಳಿ ಮುಂದುವರಿರಿ.

ಸರಿ, ಚಾಕುಗೆ ಬರೋಣ.

1. ಮೊದ್ಲು ಕೆಲ್ಸ ಎಷ್ಟಿದೆ ಅಂತ ಲೆಕ್ಕ ಹಾಕಿ

ಅಂಗಡಿಗೆ ಹೋಗೋಕೆ ಮುಂಚೆ ಇದು ತಲೇಲಿ ಇರ್ಬೇಕು. ಬೆಳೆದ ಗಂಡು ಎಲ್ಕ್ ಅಂದ್ರೆ ಸುಮಾರು 700 ಪೌಂಡ್, ಅಂದ್ರೆ 315 ಕೆಜಿ ಆಸುಪಾಸು. ಹೆಣ್ಣು 500 ಪೌಂಡ್ ಹತ್ರ. ನಮ್ಮ ಕಡವೆಗಿಂತ ಒಂದು ಕೈ ಮೇಲೇ. ಮೂಳೆ ಬಿಡಿಸಿದ ಮೇಲೂ ಗಂಡಿಂದ ಸುಮಾರು 80ರಿಂದ 100 ಕೆಜಿ ಮಾಂಸ ಬರುತ್ತೆ. ಅದು ಬಿದ್ದಿರೋದು ರೋಡಿಂದ ನಾಲ್ಕು ಮೈಲಿ ದೂರದಲ್ಲಿ, 10,000 ಅಡಿ ಎತ್ತರದಲ್ಲಿ, ಬಹುಪಾಲು ಸಲ ಇಳಿಜಾರಲ್ಲಿ ಬಿದ್ದ ಮರದ ದಿಮ್ಮಿ ಮಧ್ಯೆ, ಅದೂ ಸಾಯಂಕಾಲ ಬೆಳಕು ಹೋಗೋ ಹೊತ್ತಲ್ಲಿ. ಜೀಪ್ ಬರಲ್ಲ, ಕುದುರೆ ನಿಮ್ಮತ್ರ ಇಲ್ಲ, ಎಲ್ಲ ಬೆನ್ನ ಮೇಲೇ ಬರ್ಬೇಕು.

ಅದಕ್ಕೇ ಇಂಥ ರೋಡಿಲ್ಲದ ಬ್ಯಾಕ್‌ಕಂಟ್ರಿಲಿ ಹೆಚ್ಚಿನೋರು ಮಾಡೋದು ಗಟ್‌ಲೆಸ್ ಪದ್ಧತಿ, ಅಂದ್ರೆ ಹೊಟ್ಟೆ ತೆಗೀದೇನೇ ಮಾಂಸ ಬಿಡಿಸೋದು. ಪ್ರಾಣಿನ ಒಂದು ಮಗ್ಗುಲಿಗೆ ಮಲಗಿಸಿ ಬೆನ್ನಿನ ಉದ್ದಕ್ಕೂ ಚರ್ಮ ಸೀಳಿ ಕೆಳಗಡೆಗೆ ಸುಲ್ಕೊಂಡು ಬರ್ತೀರಾ, ಮುಂಗಾಲು ತೆಗೀತೀರಾ, ಹಿಂದಿನ ತೊಡೆ ತೆಗೀತೀರಾ, ಬೆನ್ನಿನ ಪಟ್ಟಿ, ಕತ್ತಿನ ಮಾಂಸ, ಕೊನೇಲಿ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಟೆಂಡರ್‌ಲಾಯಿನ್ ಅನ್ನೋ ಮೆತ್ತನೆ ಮಾಂಸದ ಪಟ್ಟಿ, ಆಮೇಲೆ ಮಗ್ಗುಲು ಬದಲಾಯಿಸಿ ಮತ್ತೆ ಅದೇ. ಇದರಲ್ಲಿ ಒಂದು ಮೂಳೆನೂ ಗರಗಸದಿಂದ ಕೊಯ್ಯೋ ಹಂಗಿಲ್ಲ, ಕೊಡಲಿ ಬೇಡ, ಮಚ್ಚು ಬೇಡ. ಮುಂಗಾಲಿಗೆ ದೇಹದ ಜೊತೆ ಮೂಳೆ ಕೀಲೇ ಇಲ್ಲ, ಬರೀ ಸ್ನಾಯು ಮೇಲೆ ನಿಂತಿರುತ್ತೆ, ಕಾಲನ್ನ ಮೇಲಕ್ಕೆ ಎತ್ತಿ ಹಿಡ್ಕೊಂಡು ಒಳಗಡೆ ಚಾಕು ಆಡಿಸ್ತಾ ಹೋದ್ರೆ ಇಡೀ ಕಾಲು ಕೈಗೆ ಬರುತ್ತೆ. ಹಿಂದಿನ ತೊಡೇಲಿ ಸೊಂಟದ ಮೂಳೆನ ಚಾಕು ತುದಿಲಿ ಸವರ್ಕೊಂಡು ಹೋದ್ರೆ ಗುಂಡು ಕೀಲು ಸಿಗುತ್ತೆ, ಅದರೊಳಗಿರೋ ಬಿಳೀ ನರ ಒಂದು ಕುಯ್ದ್ರೆ "ಟಪ್" ಅಂತ ಬಿಟ್ಕೊಳ್ಳುತ್ತೆ.

ಅಂದ್ರೆ ಈ ಕೆಲ್ಸಕ್ಕೆ ಬೇಕಾಗಿರೋದು ಬಲ ಅಲ್ಲ, ತೆಳು ಬಾಯಿ ಮತ್ತೆ ಚೂಪು ತುದಿ. ನಂಗೆ ಇದು ಹೊಸ ವಿಷ್ಯ ಏನಲ್ಲ. ಚಿಕ್ಕೋನಿದ್ದಾಗ ಊರಲ್ಲಿ ಹೊಸತೊಡಕಿನ ದಿನ ಗುಡ್ಡೆ ಬಾಡು ಹಾಕೋವಾಗ ಬೆಳಗಿನ ಜಾವ ಎದ್ದು ನೋಡೋಕೆ ಓಡ್ತಿದ್ವಿ, ಮರಿ ಸುಲಿಯೋ ಯಜಮಾನ್ರ ಹತ್ರ ಕೊರಡಿನ ಮೇಲೆ ಕೊಚ್ಚೋಕೆ ಲಾರಿ ಸ್ಪ್ರಿಂಗ್ ಪ್ಲೇಟಲ್ಲಿ ಬಡಿಸಿದ ದಪ್ಪ ಮಚ್ಚು ಇರೋದು, ಆದ್ರೆ ಚರ್ಮ ಸುಲಿಯೋಕೆ ಮಾತ್ರ ಮಸೆದು ಮಸೆದು ಸವೆದು ಬೆರಳಷ್ಟು ಅಗಲ ಉಳಿದಿದ್ದ ಒಂದು ಹಳೇ ಚಾಕು. ಅದನ್ನ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಇಲ್ಲಿ ಮುನ್ನೂರು ಡಾಲರ್ ಕೊಟ್ಟು ತಗೊಳ್ಳೋ ಬೇಟೆ ಚಾಕು ಎಲ್ಲ ಕೊನೆಗೆ ಆ ಸವೆದ ಚಾಕುವಿನ ಆಕಾರಕ್ಕೇ ಬಂದು ನಿಲ್ಲುತ್ತೆ.

2. ಫಿಕ್ಸೆಡ್ಡಾ, ಮಡಚೋದಾ, ಬ್ಲೇಡ್ ಬದಲಾಯಿಸೋದಾ

ಹೆಚ್ಚು ಜಗಳ ಇರೋದು ಇಲ್ಲೇ. ಫಿಕ್ಸೆಡ್ ಅಂದ್ರೆ ಮಡಚೋಕಾಗದ, ಹಿಡಿಗೆ ಗಟ್ಟಿಯಾಗಿ ಕೂರಿಸಿರೋ ಬ್ಲೇಡು.

ಮಡಚೋ ಚಾಕುನ ಮೊದ್ಲು ಪಕ್ಕಕ್ಕಿಡಿ. ಜೇಬಲ್ಲಿ ಇಟ್ಕೊಳ್ಳೋಕೆ ಚೆನ್ನಾಗಿರುತ್ತೆ ನಿಜ, ಆದ್ರೆ ಕೀಲಿನೊಳಗೆ ಕೊಬ್ಬು, ರಕ್ತ, ಕೂದಲು ಎಲ್ಲ ತುಂಬ್ಕೊಂಡು ಒಣಗಿ ಗಟ್ಟಿಯಾದ್ಮೇಲೆ ಲಾಕ್ ಸರಿಯಾಗಿ ಕೂತಿದ್ಯೋ ಇಲ್ವೋ ಅಂತ ಗೊತ್ತಾಗಲ್ಲ, ಮನೆಗೆ ಬಂದು ಹಲ್ಲುಜ್ಜೋ ಬ್ರಷ್ ಹಿಡ್ಕೊಂಡು ಅರ್ಧ ದಿನ ಕೂರ್ಬೇಕು.

ಬ್ಲೇಡ್ ಬದಲಾಯಿಸೋ ಟೈಪು, ಹ್ಯಾವಲಾನ್ ಪಿರಾಂಟಾ ತರದ್ದು, ತೂಕದಲ್ಲಿ ರಾಜ. ಸುಮಾರು 70 ಗ್ರಾಂ, ಸರ್ಜನ್ ಕೈಲಿರೋ ಸ್ಕಾಲ್ಪೆಲ್ ಥರದ್ದೇ ಬ್ಲೇಡು, ಹೊಸಾ ಬ್ಲೇಡ್ ಹಾಕಿದ ತಕ್ಷಣ ಅದಕ್ಕಿರೋ ಹರಿತ ನಾವು ಯಾರೂ ಕಲ್ಲಿನ ಮೇಲೆ ತರೋಕಾಗಲ್ಲ. ಮೊಂಡಾಯ್ತಾ, ಕಿತ್ತು ಇನ್ನೊಂದು ಹಾಕು. ಮಸೆಯೋಕೆ ಬರದೇ ಇರೋರಿಗೆ ದೇವರು ಕೊಟ್ಟಂಗೆ. ಆದ್ರೆ ಬ್ಲೇಡ್ ತೆಳು, ಅಡ್ಡ ತಿರುಗಿಸಿದ್ರೆ ಮುರಿಯುತ್ತೆ, ಮುರಿದ ಚೂರು ಮಾಂಸದೊಳಗೆ ಎಲ್ಲಿ ಹೋಯ್ತು ಅಂತ ಹುಡುಕ್ಬೇಕು.

ನನ್ನ ಎರಡನೇ ಸೀಸನ್ನಲ್ಲಿ ಹಿಂಗೇ ಆಗಿದ್ದು, ಕಂಪನಿ ಹೆಸರು ಬೇಡ, ತಪ್ಪು ನಂದೇ. ರಾತ್ರಿ ಒಂಬತ್ತೂವರೆ, ಹೆಡ್‌ಲ್ಯಾಂಪ್ ಬೆಳಕು, ಎರಡನೇ ಮಗ್ಗುಲಿನ ಹಿಂದಿನ ತೊಡೆ, ಬೆರಳು ಮರಗಟ್ಟಿದೆ, ಬೇಗ ಮುಗಿಸೋಣ ಅಂತ ಕೀಲಿನೊಳಗೆ ಬ್ಲೇಡ್ ತೂರಿಸಿ ಸ್ಕ್ರೂಡ್ರೈವರ್ ಥರ ತಿರುಗಿಸಿದೆ. ಚಟಕ್. ಅರ್ಧ ಬ್ಲೇಡ್ ಒಳಗೆ, ಅರ್ಧ ಕೈಲಿ. ಅದನ್ನ ಹುಡುಕೋಕೆ ಇಪ್ಪತ್ತು ನಿಮಿಷ, ಸಿಕ್ಕ ಮೇಲೆ ಹೊಸ ಬ್ಲೇಡ್ ಹಾಕೋಣ ಅಂದ್ರೆ ಕೊಬ್ಬು ಹತ್ತಿದ ಕೈಲಿ ಹಳೇದು ಕೀಳೋಕೇ ಆಗ್ತಿಲ್ಲ, ಹಲ್ಲು ಕಚ್ಕೊಂಡು ಬೆರಳಲ್ಲಿ ಎಳೆದೆ, ಹೆಬ್ಬೆರಳು ಸೀಳ್ಕೊಂಡೆ. ಜೊತೆಗಿದ್ದ ಪಕ್ಕದ್ಮನೆ ಅಜ್ಜ, ಎಪ್ಪತ್ತು ದಾಟಿರೋ ಬಿಳಿಯರು, ಏನೂ ಬೈಲಿಲ್ಲ, ತಮ್ಮ ಸೊಂಟದಿಂದ ಒಂದು ಸಾದಾ ಚಾಕು ತೆಗೆದು ಕೊಟ್ರು, ಮೋರಾ ಅನ್ನೋ ಸ್ವೀಡನ್ ಕಂಪನಿದು, ಪ್ಲಾಸ್ಟಿಕ್ ಹಿಡಿದು. ಉಳಿದ ಕೆಲ್ಸ ಅದರಲ್ಲೇ ಮುಗೀತು.

ಅವತ್ತಿಂದ ನನ್ನ ಲೆಕ್ಕ ಬದಲಾಯ್ತು. ಮೊದಲ ತೊಡೆ ಬಿಡಿಸೋಕೆ ಯಾವ ಚಾಕು ಆದ್ರೂ ಆಗುತ್ತೆ. ಚಾಕು ಆರಿಸ್ಬೇಕಾಗಿರೋದು ಕೊನೇ ತೊಡೆಗೆ, ಬಾಯಿ ಮೊಂಡಾಗಿ ಕೈ ಮರಗಟ್ಟಿ ಬುದ್ಧಿನೂ ಮಂಕಾಗಿರೋ ಹೊತ್ತಿಗೆ.

ಹಂಗಾಗಿ ನನ್ನ ಸಲಹೆ: ಮುಖ್ಯ ಚಾಕು ತೆಳು ಫಿಕ್ಸೆಡ್ ಬ್ಲೇಡ್ ಇರ್ಲಿ, ಕೀಲಿನ ಕೆಲ್ಸ ಎಲ್ಲ ಅದರಲ್ಲಿ. ಬ್ಲೇಡ್ ಬದಲಾಯಿಸೋದು ಒಂದು ಜೊತೆಗಿರ್ಲಿ, ಚರ್ಮ ಸುಲಿಯೋಕೆ, ತಲೆ ಹತ್ರ ಸೂಕ್ಷ್ಮ ಕೆಲ್ಸ ಇದ್ರೆ ಅದಕ್ಕೆ. ಎರಡೂ ಸೇರಿ 150-200 ಗ್ರಾಂ ಒಳಗೇ ಬರುತ್ತೆ. ಬ್ಲೇಡ್ ಬದಲಾಯಿಸೋದನ್ನ ತಗೊಂಡೋರು ಸಣ್ಣ ಇಕ್ಕಳನೂ ಇಟ್ಕೊಳ್ಳಿ, ಬ್ಲೇಡ್‌ನ ಬರಿಗೈಲಿ ಕೀಳ್ಬೇಡಿ. ಹಳೇ ಬ್ಲೇಡ್ ಹಾಕೋಕೆ ಒಂದು ಖಾಲಿ ಮಾತ್ರೆ ಡಬ್ಬಿ, ಕಾಡಲ್ಲಿ ಎಸೆದು ಬರೋದಲ್ಲ.

3. ಅಳತೆ

ಬಾಯಿ ಉದ್ದ 3ರಿಂದ 4 ಇಂಚು. ಅದಕ್ಕಿಂತ ಉದ್ದ ಆದ್ರೆ ಪಕ್ಕೆಲುಬಿನ ಹಿಂದೆ ಕೈ ಹಾಕಿದಾಗ ತುದಿ ಎಲ್ಲಿದೆ ಅಂತ ಕಾಣಲ್ಲ, ಕರುಳು ಚುಚ್ಚಿದ್ರೆ ಟೆಂಡರ್‌ಲಾಯಿನ್ ಕಥೆ ಮುಗೀತು. ದಪ್ಪ 2ರಿಂದ 3 ಮಿಲಿಮೀಟರ್ ಸಾಕು. ಯೂಟ್ಯೂಬಲ್ಲಿ 5 ಮಿಲಿಮೀಟರ್ ದಪ್ಪದ ಚಾಕು ಹಿಡ್ಕೊಂಡು ಸೌದೆ ಸೀಳ್ತಾರಲ್ಲ, ಅದು ಸೌದೆ ಸೀಳೋಕೆ. ಮಾಂಸದಲ್ಲಿ ಅದು ಬೆಣೆ ಹೊಡೆದಂಗೆ.

ತುದಿ ಸ್ವಲ್ಪ ಕೆಳಗೆ ಇಳಿದಿರೋ ಡ್ರಾಪ್ ಪಾಯಿಂಟ್ ತಗೊಳ್ಳಿ. ಬೆನ್ನ ಮೇಲೆ ಕೊಕ್ಕೆ ಇರೋ ಗಟ್ ಹುಕ್ ಬೇಡ, ಹೊಟ್ಟೆನೇ ಸೀಳಲ್ಲ ಅಂದ್ಮೇಲೆ ಅದು ಯಾಕೆ, ಮಸೆಯೋದೂ ಕಷ್ಟ.

4. ತೂಕ ನೋಡೋದು ಹೇಗೆ

ವೆಬ್‌ಸೈಟಲ್ಲಿ ಬರೆಯೋ ತೂಕ ಬಹುಪಾಲು ಬರೀ ಚಾಕುದು, ಒರೆದಲ್ಲ. ಬೆಂಚ್‌ಮೇಡ್ ಆಲ್ಟಿಟ್ಯೂಡ್ ಅಂತ ಬರುತ್ತೆ, 1.67 ಔನ್ಸ್, ಅಂದ್ರೆ 47 ಗ್ರಾಂ, ಕೈಲಿ ಹಿಡಿದ್ರೆ ಏನೂ ಇಲ್ವೇನೋ ಅನ್ಸುತ್ತೆ. ಇನ್ನೊಂದು ಕಡೆ ಅದೇ ಹಳೇ ಮೋರಾ, ಕಂಪ್ಯಾನಿಯನ್ ಅನ್ನೋ ಮಾಡೆಲ್ಲು, ಪ್ಲಾಸ್ಟಿಕ್ ಒರೆ ಸೇರ್ಸಿ ಹತ್ತಿರತ್ತಿರ 115 ಗ್ರಾಂ, ಬೆಲೆ ಇಪ್ಪತ್ತು ಡಾಲರ್ ಆಸುಪಾಸು. ಇವೆರಡರ ಮಧ್ಯೆ ವ್ಯತ್ಯಾಸ ಎಷ್ಟು? ಬ್ಯಾಗಲ್ಲಿರೋ ಬಾಟ್ಲಿಂದ ನಾಲ್ಕು ಗುಟುಕು ನೀರು ಕುಡಿದಷ್ಟು. ಇದನ್ನ ಹೇಳಿದ್ರೆ ಗ್ರಾಂ ಲೆಕ್ಕ ಹಾಕೋ ಹುಡುಗ್ರಿಗೆ ಬೇಜಾರಾಗುತ್ತೆ, ಆದ್ರೂ ಹೇಳ್ತೀನಿ, ಹೊಸಬ್ರು ಮೊದಲ ವರ್ಷ ಮೋರಾ ತಗೊಂಡು ಉಳಿದ ದುಡ್ಡಲ್ಲಿ ಒಳ್ಳೇ ಗೇಮ್ ಬ್ಯಾಗ್ (ಬೇಟೆ ಮಾಂಸ ತುಂಬೋ ಬಟ್ಟೆ ಚೀಲ), ಒಳ್ಳೇ ಸಾಕ್ಸ್ ತಗೊಳ್ಳಿ.

ಮನೇಲಿ ಚಪಾತಿ ಹಿಟ್ಟು ತೂಗೋ ಸ್ಕೇಲ್ ಇರುತ್ತಲ್ಲ, ಅದರ ಮೇಲೆ ಚಾಕು, ಒರೆ, ಎಕ್ಸ್ಟ್ರಾ ಬ್ಲೇಡು, ಮಸೆಯೋ ಕಡ್ಡಿ, ಗ್ಲೌಸು ಎಲ್ಲ ಒಟ್ಟಿಗೆ ಇಟ್ಟು ತೂಗಿ. 300 ಗ್ರಾಂ ದಾಟಿದ್ರೆ ಏನೋ ಒಂದು ಜಾಸ್ತಿ ಇದೆ ಅಂತ ಅರ್ಥ, ಬಹುಶಃ ಚರ್ಮದ ಒರೆ. ಚರ್ಮದ ಒರೆ ನೋಡೋಕೆ ಚೆಂದ, ಆದ್ರೆ ರಕ್ತ ಕುಡಿದು ನೀರು ಕುಡಿದು ಭಾರ ಆಗಿ ನಾರುತ್ತೆ. ಕೈಡೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಅಥ್ವಾ ಸಾದಾ ಪ್ಲಾಸ್ಟಿಕ್ ಇರ್ಲಿ, ತೊಳೆದ್ರೆ ಮುಗೀತು. ಒರೆನ ತಲೆಕೆಳಗು ಮಾಡಿ ಅಲ್ಲಾಡಿಸಿ ನೋಡಿ, ಚಾಕು ಜಾರಬಾರ್ದು.

5. ಹಿಡಿ

ತೂಕ ಕಡಿಮೆ ಮಾಡೋಕೆ ಕಂಪನಿಯೋರು ಮೊದ್ಲು ಕೈ ಹಾಕೋದೇ ಹಿಡಿಗೆ. ನಡುವೆ ತೂತು ಕೊರೆದು ಬರೀ ಅಸ್ಥಿಪಂಜರ ಬಿಟ್ಟಿರ್ತಾರೆ, ಮೇಲೆ ಪ್ಯಾರಾಕಾರ್ಡ್ ಅನ್ನೋ ನೈಲಾನ್ ಹಗ್ಗ ಸುತ್ತಿರ್ತಾರೆ. ಅಂಗಡೀಲಿ ಐದು ನಿಮಿಷ ಹಿಡಿದ್ರೆ ಚೆನ್ನಾಗೇ ಇರುತ್ತೆ. ಎರಡು ಗಂಟೆ ಕೆಲ್ಸ ಮಾಡಿ ನೋಡಿ, ಅಂಗೈಲಿ ಗೆರೆ ಬೀಳುತ್ತೆ, ಚಳೀಲಿ ಬರೀ ಸ್ಟೀಲು ಹಿಡಿದ್ರೆ ಐಸ್ ಹಿಡಿದಂಗೆ, ಪ್ಯಾರಾಕಾರ್ಡ್ ರಕ್ತ ಹೀರಿ ಜಾರೋಕೆ ಶುರು. 20 ಗ್ರಾಂ ಜಾಸ್ತಿ ಆದ್ರೂ ಪರ್ವಾಗಿಲ್ಲ, ಒರಟಾಗಿರೋ ಜಿ-10 (ಗಾಜಿನ ನಾರಿಂದ ಮಾಡಿದ ಗಟ್ಟಿ ವಸ್ತು) ಅಥ್ವಾ ರಬ್ಬರ್ ಹಿಡಿ ತಗೊಳ್ಳಿ. ಬೆರಳು ಮುಂದಕ್ಕೆ ಜಾರದ ಹಾಗೆ ಬ್ಲೇಡ್ ಬುಡದಲ್ಲಿ ಒಂದು ಉಬ್ಬು ಇರ್ಲೇಬೇಕು. ಪರೀಕ್ಷೆ ಸುಲಭ: ಕೈಗೆ ಅಡುಗೆ ಎಣ್ಣೆ ಸವರ್ಕೊಂಡು, ಚಾಕುನ ಒರೆ ಸಮೇತ ಗಟ್ಟಿ ಹಿಡಿದು ಮೇಜಿಗೆ ಒತ್ತಿ ನೋಡಿ.

ಬಣ್ಣ ಕಿತ್ತಳೆ ಇರ್ಲಿ. ಕಪ್ಪು, ಹಸಿರು, ಕ್ಯಾಮೋ ಹಿಡಿ ತಗೊಂಡು ರಾತ್ರಿ ಹುಲ್ಲಲ್ಲಿ ಇಟ್ರೆ ಅದು ನಿಮ್ದಲ್ಲ, ಬೆಟ್ಟದ್ದು.

6. ಸ್ಟೀಲು

ಇದರ ಬಗ್ಗೆ ಜನ ಧರ್ಮದ ಥರ ಜಗಳ ಆಡ್ತಾರೆ, ನಾನು ಚಿಕ್ಕದಾಗಿ ಹೇಳಿ ಮುಗಿಸ್ತೀನಿ. 2001ರಲ್ಲಿ ಬಂದ ಎಸ್30ವಿ, ಆಮೇಲಿನ ಎಸ್35ವಿಎನ್, ಇನ್ನೂ ಗಟ್ಟಿ ಎಸ್90ವಿ, 2021ರಲ್ಲಿ ಲ್ಯಾರಿನ್ ಥಾಮಸ್ ಅನ್ನೋ ಲೋಹ ವಿಜ್ಞಾನಿ ರೂಪಿಸಿದ ಮ್ಯಾಗ್ನಾಕಟ್, ಇವೆಲ್ಲ ಪುಡಿ ಲೋಹದಿಂದ ಮಾಡಿದ ದುಬಾರಿ ಸ್ಟೀಲು. ಎಸ್90ವಿ ಒಳಗೆ ವನೇಡಿಯಂ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ಕಣಗಳು ಜಾಸ್ತಿ, ಅದಕ್ಕೇ ಹರಿತ ತುಂಬ ಹೊತ್ತು ನಿಲ್ಲುತ್ತೆ, ಒಂದು ಎಲ್ಕ್ ಪೂರ್ತಿ ಮುಗಿಸಿದ್ರೂ ಇನ್ನೂ ಕುಯ್ಯುತ್ತೆ. ಆದ್ರೆ ಅದೇ ಕಾರ್ಬೈಡ್ ಕಾರಣಕ್ಕೆ ಮೊಂಡಾದ್ಮೇಲೆ ಸಾದಾ ಕಲ್ಲು ಹಿಡಿಯಲ್ಲ, ಡೈಮಂಡ್ ಪ್ಲೇಟೇ ಬೇಕು. ಮೋರಾದಲ್ಲಿರೋ 12ಸಿ27 ಥರದ ಸಾದಾ ಸ್ಟೇನ್‌ಲೆಸ್ ಬೇಗ ಮೊಂಡಾಗುತ್ತೆ, ಬೇಗ ಹರಿತನೂ ಆಗುತ್ತೆ, ಸೆರಾಮಿಕ್ ಕಡ್ಡಿ ಮೇಲೆ ಆ ಕಡೆ ಈ ಕಡೆ ಹತ್ತು ಸಲ ಎಳೆದ್ರೆ ಮತ್ತೆ ರೆಡಿ.

ನೀವು ಮಸೆಯೋದು ಬರೋರಾದ್ರೆ ಸಾದಾ ಸ್ಟೀಲು. ಬರಲ್ಲ, ಕಲಿಯೋಕೂ ಟೈಮಿಲ್ಲ ಅಂದ್ರೆ ದುಬಾರಿದು ತಗೊಂಡು ಮನೇಲೇ ಚೆನ್ನಾಗಿ ಮಸೆಸಿಕೊಂಡು ಹೋಗಿ. ಎರಡೂ ಬೇಕು ಅಂದ್ರೆ ಮ್ಯಾಗ್ನಾಕಟ್, ತುಕ್ಕೂ ಸುಲಭಕ್ಕೆ ಹಿಡಿಯಲ್ಲ, ಜೇಬು ಮಾತ್ರ ಸ್ವಲ್ಪ ಹರಿಯುತ್ತೆ.

7. ಹರಿತ ಉಳಿಸ್ಕೊಳ್ಳೋದು

ಚಾಕು ಮೊಂಡಾಗೋದು ಮಾಂಸದಿಂದ ಅಲ್ಲ, ಕೂದಲಿಂದ. ಸೆಪ್ಟೆಂಬರಲ್ಲಿ ಗಂಡು ಎಲ್ಕ್‌ಗಳು ಕೆಸರಲ್ಲಿ ಹೊರಳಾಡಿ ಬಂದಿರ್ತಾವೆ, ಕೂದಲ ತುಂಬ ಒಣಗಿದ ಮಣ್ಣು, ಅದರ ಮೇಲೆ ಚಾಕು ಎಳೆದ್ರೆ ಸ್ಯಾಂಡ್‌ಪೇಪರ್ ಮೇಲೆ ಎಳೆದಂಗೆ. ಅದಕ್ಕೆ ಮೊದಲು ಒಂದು ಸಣ್ಣ ತೂತು ಮಾಡ್ಕೊಂಡು, ಬ್ಲೇಡ್ ಬಾಯಿನ ಮೇಲ್ಮುಖ ಮಾಡಿ ಚರ್ಮದ ಒಳಗಡೆಯಿಂದ ಹೊರಕ್ಕೆ ಸೀಳ್ತಾ ಹೋಗಿ. ಕೂದಲು ಎರಡು ಪಾಲಾಗಿ ಪಕ್ಕಕ್ಕೆ ಹೋಗುತ್ತೆ, ತುಂಡಾಗಲ್ಲ, ಮಾಂಸಕ್ಕೂ ಹತ್ತಲ್ಲ. ಇದೊಂದು ಅಭ್ಯಾಸ ಮಾಡ್ಕೊಂಡ್ರೆ ಅರ್ಧ ಮಸೆಯೋ ಕೆಲ್ಸ ಉಳೀತು.

ಇನ್ನೊಂದು, ಪೂರ್ತಿ ಮೊಂಡಾಗೋವರೆಗೂ ಕಾಯ್ಬೇಡಿ. ಒಂದೊಂದು ಕಾಲು ಬಿಡಿಸಿದ್ಮೇಲೂ ನಿಂತು, ನೀರು ಕುಡಿದು, ಬ್ಲೇಡ್ ಒರೆಸಿ, ಕಡ್ಡಿ ಮೇಲೆ ಒಂದೊಂದು ಕಡೆ ಐದಾರು ಸಲ ಎಳೀರಿ, ಸುಮಾರು 20 ಡಿಗ್ರಿ ಓರೆ. ಕನ್ನಡಿ ಥರ ಹೊಳಿಬೇಕಿಲ್ಲ, ಸ್ವಲ್ಪ ಒರಟು ಬಾಯಿನೇ ಚರ್ಮ ಮತ್ತೆ ಮಾಂಸನ ಚೆನ್ನಾಗಿ ಹಿಡ್ಕೊಳ್ಳುತ್ತೆ. ಅಷ್ಟೊತ್ತಿಗೆ ನಿಮಗೂ ಎರಡು ನಿಮಿಷ ಸುಧಾರಿಸ್ಕೊಂಡಂಗಾಯ್ತು, ಕೈ ಕುಯ್ಕೊಳ್ಳೋದು ಸುಸ್ತಾದಾಗಲೇ.

ಕೈ ವಿಷ್ಯ ಬಂತಲ್ಲ, ಚಾಕು ಹಿಡಿಯದ ಕೈಗೆ ಒಂದು ಕಟ್-ರೆಸಿಸ್ಟೆಂಟ್ ಗ್ಲೌಸ್ ಹಾಕಿ ಮೇಲೆ ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ. ಚಾಕುನ ನಿಮ್ಮ ತೊಡೆ ಕಡೆಗೆ ಎಳೀಬೇಡಿ, ಅಲ್ಲಿ ದೊಡ್ಡ ರಕ್ತನಾಳ ಇದೆ, ಅಲ್ಲಿಗೆ ಆಂಬುಲೆನ್ಸ್ ಬರಲ್ಲ. ರಕ್ತ ನಿಲ್ಲಿಸೋಕೆ ಬಿಗಿಯೋ ಪಟ್ಟಿ, ಟೂರ್ನಿಕೆ ಅಂತಾರಲ್ಲ, ಅದೊಂದು ಬ್ಯಾಗಿನ ಹೊರಗಿನ ಜೇಬಲ್ಲೇ ಇರ್ಲಿ. ಇಬ್ರು ಇದ್ರೆ ಒಂದೇ ಕಾಲಿನ ಮೇಲೆ ಇಬ್ರೂ ಚಾಕು ಆಡಿಸ್ಬೇಡಿ, ಒಬ್ರು ಹಿಡಿದು ಎಳೀಲಿ, ಒಬ್ರು ಕುಯ್ಯಲಿ.

8. ಹೋಗೋ ಮುಂಚೆ ಮನೇಲಿ ಒಂದು ಟ್ರಯಲ್

ಹಲಾಲ್ ಅಂಗಡೀಲಿ ಮೂಳೆ ಸಮೇತ ಮೇಕೆ ತೊಡೆ ಒಂದು, ಭುಜದ ಕಡೆದು ಒಂದು ತನ್ನಿ. ರಾತ್ರಿ ಗ್ಯಾರೇಜ್ ಬಾಗ್ಲು ತೆಗೆದು, ಲೈಟ್ ಆರಿಸಿ, ಹೆಡ್‌ಲ್ಯಾಂಪ್ ಹಾಕ್ಕೊಂಡು, ಕೈನ ಐದು ನಿಮಿಷ ಐಸ್ ನೀರಲ್ಲಿ ಅದ್ದಿ, ಗ್ಲೌಸ್ ಹಾಕ್ಕೊಂಡು ಮೂಳೆ ಬಿಡಿಸಿ ನೋಡಿ. ಹಿಡಿ ಚುಚ್ಚುತ್ತಾ, ತುದಿ ಎಲ್ಲಿದೆ ಅಂತ ಗೊತ್ತಾಗುತ್ತಾ, ಬ್ಲೇಡ್ ಬದಲಾಯಿಸೋಕಾಗುತ್ತಾ, ಎಲ್ಲ ಅರ್ಧ ಗಂಟೇಲಿ ಗೊತ್ತಾಗುತ್ತೆ. ಮನೆಯೋರು ಹುಚ್ಚು ಅಂತಾರೆ, ಅನ್ಲಿ ಬಿಡಿ, ಮಾರನೇ ದಿನ ಸಾರು ತಿನ್ನೋರೂ ಅವರೇ.

ಬೇರೆ ರಾಜ್ಯದಿಂದ ವಿಮಾನದಲ್ಲಿ ಬರೋರು ಚಾಕು, ಬ್ಲೇಡ್ ಎಲ್ಲ ಒರೆ ಹಾಕಿ ಚೆಕ್-ಇನ್ ಬ್ಯಾಗಲ್ಲೇ ಇಡಿ, ಕೈಚೀಲದಲ್ಲಿ ಮರೆತ್ರೆ ಸೆಕ್ಯುರಿಟೀಲೇ ಬಿಟ್ಟು ಹೋಗ್ಬೇಕಾಗುತ್ತೆ.

9. ಮಾಂಸ ಬಿಡಿಸೋವಾಗ ಕಾನೂನು, ಕಾಯಿಲೆ

ಕೊಲೊರಾಡೋದಲ್ಲಿ ನಾಲ್ಕೂ ಕಾಲು, ಬೆನ್ನಿನ ಪಟ್ಟಿ, ಟೆಂಡರ್‌ಲಾಯಿನ್ ಬಿಟ್ಟು ಬರೋ ಹಂಗಿಲ್ಲ. ಗಂಡೋ ಹೆಣ್ಣೋ ಅನ್ನೋ ಗುರುತು ಒಂದು ಭಾಗಕ್ಕೆ ಸಹಜವಾಗಿ ಅಂಟ್ಕೊಂಡೇ ಇರ್ಬೇಕು, ತೂಕ ಕಡಿಮೆ ಮಾಡೋಣ ಅಂತ ಮೂಳೆ ಬಿಡಿಸೋ ಭರದಲ್ಲಿ ಅದನ್ನೂ ಕುಯ್ದು ಹಾಕಿದ್ರೆ ಬೇಟೆ ಕಾನೂನು ನೋಡ್ಕೊಳ್ಳೋ ವಾರ್ಡನ್ ಮುಂದೆ ತಲೆ ತಗ್ಗಿಸಿ ನಿಲ್ಬೇಕು.

ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ ಒಂದು ರೋಗ ಇದೆ, ಜಿಂಕೆ ಜಾತಿಗೆ ಬರೋದು, ಮಿದುಳು ತೂತಾಗುತ್ತೆ. ಮೊದಲು ಕಂಡಿದ್ದು ಇದೇ ಕೊಲೊರಾಡೋದ ಫೋರ್ಟ್ ಕಾಲಿನ್ಸಲ್ಲಿ, 1967ರಲ್ಲಿ, ಸಾಕಿದ ಜಿಂಕೆಗಳಲ್ಲಿ. ಇದಕ್ಕೆ ಕಾರಣ ಬ್ಯಾಕ್ಟೀರಿಯಾನೂ ಅಲ್ಲ ವೈರಸ್ಸೂ ಅಲ್ಲ, ಪ್ರಿಯಾನ್ ಅನ್ನೋ ಕೆಟ್ಟ ಪ್ರೋಟೀನು, ಬೇಯಿಸಿದ್ರೂ ಸಾಯಲ್ಲ. ಮನುಷ್ಯರಿಗೆ ಬಂದಿರೋದು ಸಾಬೀತಾಗಿಲ್ಲ, ಆದ್ರೂ ರೋಗ ಇರೋ ಪ್ರಾಣಿ ಮಾಂಸ ತಿನ್ಬೇಡಿ ಅಂತಾನೇ ಆರೋಗ್ಯ ಇಲಾಖೆಯೋರು ಹೇಳೋದು. ತಲೆ ಟೆಸ್ಟಿಗೆ ಕೊಡಿ. ಮಾಂಸ ಬಿಡಿಸೋವಾಗ ಬೆನ್ನುಹುರಿ, ಮಿದುಳು ಕಡೆ ಚಾಕು ಹಾಕ್ಬೇಡಿ. ಟ್ರೋಫಿಗೆ ಅಂತ ತಲೆಬುರುಡೆ ಕುಯ್ಯೋರು ಅದಕ್ಕೆ ಬೇರೆ ಬ್ಲೇಡ್ ಇಟ್ಕೊಳ್ಳಿ, ಇಲ್ಲೂ ಬದಲಾಯಿಸೋ ಬ್ಲೇಡ್ ಉಪಯೋಗಕ್ಕೆ ಬರುತ್ತೆ.

10. ಮನೆಗೆ ಬಂದ್ಮೇಲೆ

ಕಾರಿಂದ ಇಳಿದ ತಕ್ಷಣ ಸ್ನಾನ, ಊಟ, ನಿದ್ದೆ ಅಂತ ಹೋಗಿ ಚಾಕುನ ಒದ್ದೆ ಒರೇಲೇ ಬಿಟ್ರೆ ಸ್ಟೇನ್‌ಲೆಸ್ ಆದ್ರೂ ಚುಕ್ಕೆ ಚುಕ್ಕೆ ತುಕ್ಕು ಬರುತ್ತೆ. ಬಿಸಿನೀರು, ಪಾತ್ರೆ ಸೋಪು, ಬ್ರಷ್ಷಲ್ಲಿ ಉಜ್ಜಿ, ಹಿಡಿ ಮತ್ತೆ ಬ್ಲೇಡ್ ಸೇರೋ ಸಂದಿಲಿ ಕೊಬ್ಬು ಉಳಿದಿರುತ್ತೆ, ಹಲ್ಲುಕಡ್ಡಿ ಹಾಕಿ ತೆಗೀರಿ. ಆಮೇಲೆ ಪ್ರಿಯಾನ್ ಭಯಕ್ಕೆ ಬ್ಲೀಚು: ಮನೇಲಿ ಬಳಸೋ ಬ್ಲೀಚ್ 2 ಪಾಲು, ನೀರು 3 ಪಾಲು, ಅಂದ್ರೆ 40 ಪರ್ಸೆಂಟ್, ಅದರಲ್ಲಿ 5 ನಿಮಿಷ. 2019ರಲ್ಲಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ವಿಜ್ಞಾನಿಗಳು ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಇದನ್ನ ಮಾಡಿ ತೋರ್ಸಿದ್ದು ಇದೇ ಅಳತೆ. ಆದ್ರೆ ಬ್ಲೀಚ್ ಮೇಲ್ಮೈ ಮೇಲೆ ಮಾತ್ರ ಕೆಲ್ಸ ಮಾಡುತ್ತೆ, ಮಾಂಸದ ಚೂರು ಅಂಟಿದ್ರೆ ಅದರೊಳಗೆ ಇಳಿಯಲ್ಲ, ಅದಕ್ಕೇ ಮೊದ್ಲು ಉಜ್ಜೋದು, ಆಮೇಲೆ ಅದ್ದೋದು. 5 ನಿಮಿಷಕ್ಕಿಂತ ಜಾಸ್ತಿ ಬಿಟ್ರೆ ಬ್ಲೀಚೇ ಸ್ಟೀಲು ತಿನ್ನೋಕೆ ಶುರು ಮಾಡುತ್ತೆ, ಫೋನಲ್ಲಿ ಟೈಮರ್ ಇಟ್ಕೊಳ್ಳಿ.

ತೊಳೆದು, ಬಟ್ಟೇಲಿ ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಒರೆನ ಬೇರೆ ಒಣಗಿಸಿ, ಬಾಯಿ ಕೆಳಗೆ ಮಾಡಿ. ಆಯುಧ ಪೂಜೆ ಹೆಚ್ಚು ಕಮ್ಮಿ ಸೀಸನ್ ಮಧ್ಯದಲ್ಲೇ ಬರುತ್ತೆ, ನಮ್ಮನೇಲಿ ಲ್ಯಾಪ್‌ಟಾಪ್, ಕಾರು ಕೀ ಪಕ್ಕದಲ್ಲಿ ಈಗ ಆ ಕಿತ್ತಳೆ ಹಿಡಿ ಚಾಕುಗೂ ಒಂದು ಬೊಟ್ಟು ಕುಂಕುಮ ಬೀಳುತ್ತೆ, ಕುಂಕುಮ ಒರೆಸೋದು ಮರೆತು ಒರೆಗೆ ಹಾಕಿದ್ರೆ ಅಲ್ಲೇ ತುಕ್ಕು ಕೂರುತ್ತೆ ಅನ್ನೋದನ್ನೂ ನಾನು ಹೋದ್ವರ್ಷ ಕಲಿತೆ.